ಹಲಗೆ ನೆಡುವವನ ಶನಿವಾರ

ಗುರುವಾರದ ಗಾಳಿಗೆ ಬಿದ್ದಿತ್ತು,
ಮತ್ತೆ ನೆಡಲು ಬಂದಿದ್ದೆ ಬೆಳಿಗ್ಗೆ ಎಂಟಕ್ಕೆ,
ಅಡಿಲೇಡಿನ ಉತ್ತರ ಅಂಚಿಗೆ, ಪ್ಯಾರಾಲೋವಿಯಲ್ಲಿ,
ಹನ್ನೊಂದನೇ ನಂಬರಿನ ಮುಂದೆ.
ನನ್ನ ಕೆಲಸ ಇಷ್ಟೇ: 'ಮಾರಾಟಕ್ಕಿದೆ' ನೆಡುವುದು,
ಮಾರಿದ ಮೇಲೆ ಕೀಳುವುದು.

ಗದಗಿನಲ್ಲಿ ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ.
'ಕಿರಾಣಿ'ಯ ಕಕಾರಕ್ಕೆ ಒಂದು ನೆರಳೆಳೆದು ಕೊಟ್ಟರೆ
ಒಳಗಿನ ಅಕ್ಕಿಯೂ ತುಸು ಬೆಳ್ಳಗೆ ಕಾಣುತ್ತದೆ ಅನ್ನುತ್ತಿದ್ದ.
ಇಲ್ಲಿ ಅಕ್ಷರ ಯಂತ್ರದ್ದು. ನನ್ನದು ಸುತ್ತಿಗೆ.

ಮಾರ್ಚಿ ಬಂದರೂ ಮಳೆಯಿಲ್ಲದೆ ಮಣ್ಣು ಕಲ್ಲಾಗಿತ್ತು.
ತಂತಿಯ ಮೇಲೆ ಬಿಳಿ ಕೊರೆಲ್ಲಾಗಳು ಸಂತೆ ಹೂಡಿದ್ದವು.
ಆಗ ಬಂತು ಟ್ರೇಲರ್ ಎಳೆದುಕೊಂಡು ಒಂದು ಹಳೆಯ ಕಾರು.
ಎರಡು ಹಾಸಿಗೆ, ಒಂದು ಫ್ರಿಜ್ಜು, ತಲೆಕೆಳಗಾದ ಮೇಜು,
ನಾಲ್ಕೂ ಕಾಲು ಆಕಾಶಕ್ಕೆ.
ಹಿಂದಿನ ಸೀಟಿನಿಂದ ಹುಡುಗನೊಬ್ಬ ಇಳಿದ,
ಐಸ್‌ಕ್ರೀಮ್ ಡಬ್ಬಿಯಲ್ಲಿ ಬಂಗಾರದ ಮೀನು,
ತುಳುಕದಂತೆ ಉಸಿರು ಹಿಡಿದುಕೊಂಡು.

"ವಿಳಾಸ ತಪ್ಪಿರಬೇಕು ನಿಮಗೆ," ಅಂದಳು ತಾಯಿ.
"ಇದು ಮಾರುವ ಮನೆಯಲ್ಲ. ಬಾಡಿಗೆಯದು.
ನಮ್ಮದು, ಇವತ್ತಿನಿಂದ."
ನಗುತ್ತಲೇ ಅಂದಳು.
ಸುತ್ತಿಗೆ ಕೆಳಗಿಟ್ಟೆ.

ಫೋನಿನಲ್ಲಿ ತೋರಿಸಿದಳು. ಅದೇ ಇಟ್ಟಿಗೆ, ಅದೇ ನಿಂಬೆ ಗಿಡ,
ಅಡುಗೆಮನೆಯ ಹಳದಿ ಪರದೆ. ಎಡಗಡೆ
ಚಿತ್ರ ಒಂದಿಷ್ಟು ಬೇಗ ಮುಗಿದಿತ್ತು.
ಹುಲ್ಲಿನ ಮೇಲೆ ಚೌಕಾಕಾರದ ಒಂದು ಕಪ್ಪು ಬಿದ್ದಿತ್ತು,
ಯಾವುದರದೆಂದು ಯಾರೂ ಕೇಳದಂಥದ್ದು.
ನನಗೆ ಗೊತ್ತಾಯಿತು. ಮೂರು ವಾರದ ಹಿಂದೆ ನಾನೇ ನೆಟ್ಟದ್ದು.
ಹಲಗೆಯನ್ನು ಕತ್ತರಿಸಿದವನು
ನೆರಳನ್ನು ಮರೆತಿದ್ದ.

ಮನೆ ಕಟ್ಟಿ ನೋಡು ಅನ್ನುತ್ತಾರೆ ನಮ್ಮಲ್ಲಿ.
ಬಾಡಿಗೆಯ ಸಾಲಿನಲ್ಲಿ ನಿಂತು ನೋಡು ಎಂದು
ಯಾರೂ ಗಾದೆ ಕಟ್ಟಲಿಲ್ಲ.
ನಾನೂ ರೇಣವ್ವನೂ ನಿಂತಿದ್ದೇವೆ: ಒಂದು ಮನೆ, ನಲವತ್ತು ಜನ,
ಹದಿನೈದು ನಿಮಿಷ, ಪರರ ಬಚ್ಚಲು ಇಣುಕಿ
"ಚೆನ್ನಾಗಿದೆ" ಅಂದು ಹೊರಬರುವುದು.
ಟ್ರೂಡಿ (ಹೆಸರು ಆಮೇಲೆ ತಿಳಿಯಿತು) ನೋಡಿದ್ದು ಮೂವತ್ತೊಂದು.
ಆಮೇಲೆ ಈ ಮಾಲೀಕ ಸಿಕ್ಕ.
ದೇವರ ಸೇವೆಗೆ ದೂರದೇಶದಲ್ಲಿದ್ದಾನಂತೆ,
ದುಡ್ಡು ಮುಖ್ಯವಲ್ಲವಂತೆ, ನಿಂಬೆಗಿಡಕ್ಕೆ ನೀರು ಹಾಕಿದರೆ ಸಾಕಂತೆ,
ಮುಂಗಡ ಕಳಿಸಿದರೆ ಕೀಲಿ ಕೊರಿಯರಿಗೆ.
ಮಗನ ಹೆಸರು ಕೇಳಿದ್ದ.
ಮೀನು ತರಬಹುದೇ ಎಂದದ್ದಕ್ಕೆ
ತಕ್ಷಣ ಬರೆದಿದ್ದ: ಓಹೋ, ಖಂಡಿತ.

ಮೂವತ್ತೆರಡರಲ್ಲಿ ಹೌದು ಎಂದವನು
ಆ ಕಳ್ಳನೊಬ್ಬನೇ.

"ಕೀಲಿ ತಡವಾಗಿದೆ, ಬಾಗಿಲು ತೆರೆದೇ ಇರುತ್ತದೆ ಅಂದಿದ್ದಾರೆ,"
ಅಂದಳು, ಹೋಗಿ ಹಿಡಿಕೆ ತಿರುಗಿಸಿದಳು.
ಇನ್ನೊಮ್ಮೆ. ಆಮೇಲೆ ಮೆಲ್ಲಗೆ ತಟ್ಟಿದಳು,
ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.
ನನಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.
ನನ್ನ ಇಂಗ್ಲಿಷಿನಲ್ಲಿ ಆ ಮಾತಿಗೆ ಮೆತ್ತಗಿನ ಪದವಿರಲಿಲ್ಲ.
ಹಲಗೆ ಎತ್ತಿ ತೋರಿಸಿದೆ, ಅಷ್ಟೇ.
ಓದಿದಳು. ಎಷ್ಟೋ ಹೊತ್ತು,
ಎರಡೇ ಪದ.

ಏಜೆಂಟನಿಗೆ ಫೋನು ಮಾಡಿದೆ. "ಈ ಮನೆಗೆ ಇದು ಮೂರನೆಯದು,
ಪೊಲೀಸರಿಗೆ ಬರೆಯಲು ಹೇಳು," ಎಂದ. "ಹತ್ತಕ್ಕೆ ಗಿರಾಕಿ ಬರುತ್ತಾರೆ,
ಟ್ರೇಲರ್ ಅಡ್ಡ ಇರಬಾರದು."
ಅವಳು ಕಾರಿನ ಬಾನೆಟ್ಟಿಗೆ ಒರಗಿ ಬ್ಯಾಂಕಿನ ಸಂಗೀತ ಕೇಳುತ್ತಿದ್ದಳು.
ಬಾಡಿಗೆ ಟ್ರೇಲರ್ ಮಧ್ಯಾಹ್ನಕ್ಕೆ ಮರಳಿಸಬೇಕು.
ಹಳೆಯ ಮನೆಯ ಕೀಲಿ ನಿನ್ನೆಯೇ ಕೊಟ್ಟಾಗಿತ್ತು.

ಹುಡುಗ ಬಂದು ಕೇಳಿದ, ನೀರು ಬೆಚ್ಚಗಾಗಿದೆ,
ಬದಲಿಸಬಹುದೇ?
ಅಂಗಳದ ನಲ್ಲಿ ತಿರುಗಿಸಿದೆ. ಬಂತು.
ಅಷ್ಟು ಮಾತ್ರ ಆ ಮನೆ ಅವರಿಗೆ ಕೊಟ್ಟಿತು,
ಅರ್ಧ ಡಬ್ಬಿ.

ರಸ್ತೆಗೆ ನೇರ ಮುಖ ಇರಬೇಕು ಎಂಬುದು ಕಂಪನಿಯ ನಿಯಮ.
ನಾನು ಒಂದಿಷ್ಟು ಓರೆ ನೆಟ್ಟೆ,
ನೆರಳು ಡಬ್ಬಿಯ ಮೇಲೆ ಬೀಳುವಂತೆ.
ಸೋಮವಾರ ಬೈಗುಳ ಬರುತ್ತದೆ. ಬರಲಿ.