ಹೊಲವಿರುವ ಅಕ್ಷರ

ಇಚಿಕಾವಾ ಹೊಳೆಯಲ್ಲಿ ತೊಗಲು ತೊಳೆದವಳು
ಅಮ್ಮನ ಅಜ್ಜಿ, ತೊಮೆ.
ಉಪ್ಪು, ಎಣ್ಣೆ, ಬಿಸಿಲು, ಮತ್ತೆ ನೀರು.
ದನದ ಚರ್ಮ ಬೆಳ್ಳಗಾಗುವವರೆಗೆ
ಬರಿಗಾಲಲ್ಲಿ ತುಳಿದಳು.

ಸತ್ತವರಿಗೆಲ್ಲ ಹೊಸ ಹೆಸರಿಡುವುದು
ನಮ್ಮಲ್ಲಿ ವಿಹಾರದ ಪದ್ಧತಿ.
ಅಕ್ಕಿ ವ್ಯಾಪಾರಿ ನಿರ್ಮಲ ಚಂದ್ರನಾದ.
ಕುಡಿದು ಕೆರೆಗೆ ಬಿದ್ದವನೂ
ಪೈನ್ ಮರದ ಗಾಳಿಯಾದ.
ತೊಮೆಯ ಹೆಸರಿನ ನಡುವೆ ಮಾತ್ರ
ಒಂದು ಅಕ್ಷರ ಹೆಚ್ಚಿಗೆ ಸೇರಿಸಿದರು:
ಪಶು.

ಕೆತ್ತನೆಯೇನೋ ಚೆನ್ನಾಗಿತ್ತು.
ಎಪ್ಪತ್ತು ವರ್ಷ ಆ ಕಲ್ಲಿಗೆ ನೀರೆರೆದೆವು,
ಊದುಬತ್ತಿ ಹಚ್ಚಿದೆವು, ಕೈ ಮುಗಿದೆವು.
ಓದು ಬಾರದ್ದೇ ನಮ್ಮನ್ನು ಕಾಯ್ದಿತ್ತು.

ಅಮ್ಮ ರಾತ್ರಿಶಾಲೆಗೆ ಸೇರಿದ್ದು
ಐವತ್ತೆರಡನೆಯ ವಯಸ್ಸಿಗೆ.
ಮೊದಲ ವರ್ಷ ತನ್ನ ಹೆಸರು, ಬಸ್ಸಿನ ಬೋರ್ಡು.
ಎರಡನೆಯ ವರ್ಷ, ಹಿರಿಯರ ಹಬ್ಬದ ದಿನ
ಕಲ್ಲಿನ ಮುಂದೆ ಕೂತವಳು ಏಳಲೇ ಇಲ್ಲ.
ಬೆರಳು ಗೀರಿನಲ್ಲಿ ಇಳಿಯಿತು, ಹತ್ತಿತು, ತಿರುಗಿತು.

"ಇಲ್ಲಿ ನೋಡು," ಅಂದಳು ಕೊನೆಗೆ,
"ಈ ಅಕ್ಷರದ ಕೆಳಗರ್ಧ ಹೊಲ.
ನಾಲ್ಕು ಗದ್ದೆ, ನಡುವೆ ಬದು.
ಇದ್ದಾಗ ಗೇಣು ನೆಲ ಕೊಡಲಿಲ್ಲ,
ಸತ್ತಾಗ ಹೊಲ ಕೊಟ್ಟಿದ್ದಾರೆ,
ಪಶುವಿನ ಹೊಟ್ಟೆಯೊಳಗೆ."

ಭಿಕ್ಷು ಎಕಾನ್ ಇನ್ನೂ ಹುಡುಗ.
ರೇಷ್ಮೆ ಬಟ್ಟೆ ಬಿಚ್ಚಿ ಸತ್ತವರ ಪುಸ್ತಕ ತೆಗೆದ.
ಅವನ ಅಜ್ಜನದೇ ಕೈಬರಹ.
ಕನ್ನಡಕ ಒರೆಸಿದ. ಮತ್ತೆ ಒರೆಸಿದ.
"ಸಮುದ್ರ ಸೇರಿದ ನದಿಗಳು ಹೆಸರು ಬಿಡುತ್ತವೆ,
ಸಂಘ ಸೇರಿದವರ ಕುಲವೂ ಹಾಗೇ
ಎಂದಿದ್ದಾನೆ ಬುದ್ಧ," ಅಂದ, ಮೆಲ್ಲಗೆ.

"ಹೊಳೆ ನನಗೂ ಗೊತ್ತು ಗುರುಗಳೇ.
ನಮ್ಮ ತೊಗಲಿನ ನಾತ ಹೊತ್ತೇ ಹೋಯಿತು ಅದು.
ಯಾವ ಕೇರಿಯ ನೀರು ಅಂತ
ಸಮುದ್ರ ಕೇಳಲಿಲ್ಲ.
ನಿಮ್ಮ ಪುಸ್ತಕ ಕೇಳಿತು.
ಬುದ್ಧನ ಮೇಲೆ ನನಗೆ ಸಿಟ್ಟಿಲ್ಲ,
ಅವನ ಮಾತು ಇಟ್ಟುಕೊಂಡೇ ಬಂದಿದ್ದೇನೆ,
ನಿಮ್ಮ ಅಜ್ಜ ಬಿಟ್ಟುಹೋದದ್ದನ್ನ."

ಎಕಾನ್ ಬಾಗಿದ. ಬೋಳುತಲೆ ಚಾಪೆಗೆ ತಾಗಿತು,
ಬಹಳ ಹೊತ್ತು ಅಲ್ಲೇ ಇತ್ತು.
ಅಮ್ಮ ಏಳು ಅನ್ನಲಿಲ್ಲ.
ನನಗೆ ಕಾಲು ಜೋಮು ಹಿಡಿದಿತ್ತು,
ಹೊರಗೆ ಯಾರೋ ಎಲೆ ಗುಡಿಸುತ್ತಿದ್ದರು.

ಹೊಸ ಹೆಸರು ಮೂರು ಬರೆದು ತಂದ:
ಶ್ವೇತ ಕಮಲ, ಶಾಂತ ಜಲ,
ಇನ್ನೊಂದು ನೆನಪಿಲ್ಲ.
"ಬೇಡ, ತೊಮೆ ಅಂತಲೇ ಕೆತ್ತಿಸಿ," ಅಂದಳು.
ತೊಮೆ ಎಂದರೆ ನಿಲ್ಲಿಸು, ಸಾಕು.
ಆರನೆಯದೂ ಹೆಣ್ಣಾದಾಗ
ಹೆತ್ತವರು ಬೇಸತ್ತು ಇಟ್ಟ ಹೆಸರು.
"ಅವಳ ಪರವಾಗಿ ನಾನೇ ಹೇಳುತ್ತೇನೆ ಈಗ:
ಸಾಕು."

ಹಳೆಯ ಕಲ್ಲನ್ನು ಒಡೆಯಲು ಬಿಡಲಿಲ್ಲ,
ಉಜ್ಜಲೂ ಬಿಡಲಿಲ್ಲ.
ಹೊಸದರ ಕಾಲ ಬಳಿ ಅಂಗಾತ ಮಲಗಿಸಿದ್ದಾರೆ,
ಓದು ಬಂದವರು ಓದಿಕೊಳ್ಳಲಿ ಅಂತ.

ಎರಡಕ್ಕೂ ನೀರೆರೆಯುತ್ತೇವೆ.
ನಿಂತ ಕಲ್ಲಿನಿಂದ ಜಾರಿ ಹೋಗುತ್ತದೆ.
ಮಲಗಿದ ಕಲ್ಲಲ್ಲಿ, ಆ ಹೊಲದ ಬದುಗಳಲ್ಲಿ
ಸ್ವಲ್ಪ ಹೊತ್ತು ನಿಲ್ಲುತ್ತದೆ.
ಗುಬ್ಬಿಗಳು ಬಂದು ಕುಡಿಯುತ್ತವೆ.