ಲೀವ್ ಅಂದರೆ ಬಿಡು

ದಾವಣಗೆರೆಯ ರಾತ್ರಿಶಾಲೆ.
ಟ್ಯೂಬ್‌ಲೈಟು ಯೋಚಿಸಿ ಯೋಚಿಸಿ ಹತ್ತಿತು.
ಲೀವ್ ಅಂದರೆ ಬಿಡು, ಎಂದು ಬರೆಯುವಾಗ
ಸೀಮೆಸುಣ್ಣ ಮುರಿಯಿತು.

ಮಂಡಕ್ಕಿ ಭಟ್ಟಿಯಿಂದ ನೇರ ಬಂದ ಜೈಬುನ್ನಿಸಾ,
ಸೆರಗಿನಲ್ಲಿನ್ನೂ ಹೊಟ್ಟು, ಹುಬ್ಬಿಗೆ ಮಸಿ,
ಕೈ ಎತ್ತಿದಳು:

'ಎಂಟೂವರೆಗೆ ಹರಿಹರದ ಬಸ್ಸು ಬಿಡತೈತಿ, ಅದಕ್ಕೂ ಇದೇನಾ?'
ಇದೇ.
'ಭಟ್ಟಿ ಕೆಲಸ ಬಿಟ್ಟರೆ?'
ಅದಕ್ಕೂ.
'ಏಳರ ಮಗ್ಗ್ಯಾಗ ಒಂದು ಸಾಲು ಬಿಟ್ಟರೆ?'
ಆಗಬಹುದು, ಅಂದೆ, ಅರ್ಧ ಧೈರ್ಯದಲ್ಲಿ.
'ಹೊಸ ಸೀರೆ ಬಣ್ಣ ಬಿಟ್ಟರೆ?'
ಹಿಂದಿನ ಬೆಂಚು ನಕ್ಕಿತು.
ಇಲ್ಲ, ಅದು ಬೇರೆ.

'ನಮ್ಮ ಯಜಮಾನ್ರು ನನ್ನ ಬಿಟ್ಟು ಆರು ವರ್ಷ.'

ಬೆಂಚು ಸುಮ್ಮನಾಯಿತು.
ಭೂತಕಾಲದಲ್ಲಿ ಅದು ಲೆಫ್ಟ್, ಅಂದೆ,
ಬೇರೇನು ಹೇಳಲಿ.
ಬಿಟ್ಟು ಹೋದವನಿಗೂ ಅದೇ,
ಡಬ್ಬಿಯ ತಳದಲ್ಲಿ ಉಳಿದ ಸಕ್ಕರೆಗೂ ಅದೇ.
'ಹೋದದ್ದಕ್ಕೂ ಉಳಿದದ್ದಕ್ಕೂ ಒಂದೇ ಮಾತಾ?
ಬಡವರ ಭಾಷೆ ಇದ್ದಂಗೈತಿ.'
ಬರೆದುಕೊಂಡಳು, ಎಡಗೈಯಲ್ಲಿ,
ಅಕ್ಷರಗಳನ್ನು ಒರೆಸಿಕೊಳ್ಳುತ್ತ.

ಆಮೇಲೆ, ಪುಸ್ತಕ ಮುಚ್ಚುವಾಗ:
'ಭಟ್ಟಿ ಬೂದಿ ಸುರಿಯೋ ಕಡೆ
ನುಗ್ಗೆಗಿಡ ತಾನೇ ಎದ್ದು ಹೂ ಬಿಟ್ಟೈತಿ ಮೇಡಂ.
ಅದಕ್ಕೆ ಏನಂತಾರೆ?'

ಆ ಬಿಡುವಿಗೆ
ನನ್ನ ಹತ್ತಿರ ಇಂಗ್ಲಿಷು ಇರಲಿಲ್ಲ.
ಹೊತ್ತಾಯಿತೆಂದು
ಕ್ಲಾಸು ಬಿಟ್ಟೆ.