ಸೊಂಟಪಟ್ಟಿಯ ಹೆಸರು

ಪೆನ್ಷನ್ ಮೊಹಲ್ಲಾದ ನನ್ನ ಹೊಲಿಗೆ ಅಂಗಡಿಗೆ
ಒಂದೇ ವಾರದಲ್ಲಿ ಇಬ್ಬರು ಬಂದರು,
ತಮ್ಮ ಮತ್ತೆ ರಿಂಗಿಗೆ ಇಳಿಯುತ್ತಾನಂತೆ, ಹೌದಾ ಎಂದು ಕೇಳಿಕೊಂಡು.
ಹೆಣ್ಣು ನೋಡಲು ಬಂದವರ ಹಾಗಿದ್ದಾರೆ ಅಂತ ನಾನು ನಕ್ಕೆ.
ಮುನೀರ್ ನಗಲಿಲ್ಲ. ಮೂವತ್ತಮೂರು ವಯಸ್ಸು,
ನಾಲ್ಕು ವರ್ಷದಿಂದ ಡೈರಿಯ ಟ್ಯಾಂಕರ್ ಓಡಿಸಿದ ಕೈ,
ಬಲ ಹುಬ್ಬಿನ ಮೇಲೆ ಒಂಬತ್ತು ಹೊಲಿಗೆ,
ನನ್ನವಲ್ಲ, ಸರ್ಕಾರಿ ಆಸ್ಪತ್ರೆಯವು, ಒರಟು.

ಮೊದಲು ಬಂದವನು ಕೃಪಾನಂದ. ಬೇಲೂರು ರಸ್ತೆಯಲ್ಲಿ ಲೇಔಟ್,
ಬಿಳಿ ಶೂ, ಎರಡು ಫೋನು.
"ಮೂರು ತಿಂಗಳು, ಮೂರು ಫೈಟು. ಆರ್ಕೆಸ್ಟ್ರಾ ಇರುತ್ತೆ,
ಸೈಟ್ ಬುಕ್ ಮಾಡಿದವರಿಗೆ ಮುಂದಿನ ಕುರ್ಚಿ.
ಎದುರಾಳಿಯ ಚಿಂತೆ ಬಿಡು, ಅದು ನನ್ನ ಕೆಲಸ."
ಐವತ್ತು ಸಾವಿರ ನನ್ನ ಕತ್ತರಿಯ ಪಕ್ಕ ಇಟ್ಟ.
ನಾನು ಕತ್ತರಿಯನ್ನು ಸರಿಸಿದೆ, ದುಡ್ಡನ್ನಲ್ಲ.
ಎರಡು ತಿಂಗಳ ಬಾಡಿಗೆ ನಿಂತಿತ್ತು.

ಎರಡನೆಯವನು ಕೋಲ್ಡ್ ಸ್ಟೋರೇಜಿನ ರುದ್ರಯ್ಯ.
ಅಂಗಿ ತೋಳಿನ ತುಂಬ ಗೋಣಿಯ ನಾರು. ಕೂರಲಿಲ್ಲ.
ತಮ್ಮನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ,
ಎಮ್ಮೆ ಕೊಳ್ಳುವವನ ಹಾಗೆ.
"ಥಂಡಿಯಿಂದ ತೆಗೆದ ಬಿತ್ತನೆ ಗಡ್ಡೇನ
ಅವತ್ತೇ ನೆಟ್ಟರೆ ನೆಲದಲ್ಲೇ ಕೊಳೆಯುತ್ತೆ ಕಣಪ್ಪ.
ನೆರಳಲ್ಲಿ ಹರಡಬೇಕು. ಕಣ್ಣು ಒಡೆಯೋವರೆಗೂ ಕಾಯಬೇಕು.
ನಿನಗೆ ಎಂಟು ತಿಂಗಳು. ಮೊದಲು ಡಾಕ್ಟರು, ಆಮೇಲೆ ಗ್ಲೌಸು.
ಆಮೇಲೂ ನಾನು ಬೇಡ ಅನ್ನಬಹುದು."
ದುಡ್ಡಿನ ಮಾತು ಎತ್ತಲಿಲ್ಲ.

ಎಂಟು ತಿಂಗಳು!
ಮೂವತ್ತಮೂರರಲ್ಲಿ ಎಂಟು ತಿಂಗಳು ಎಂದರೆ ಎಷ್ಟು ಅಂತ
ಗಡ್ಡೆಗೆ ಗೊತ್ತಾ?
ಕೆಂಪು ಸ್ಯಾಟಿನ್ ತಂದೆ. ಸೊಂಟಪಟ್ಟಿಯ ಮೇಲೆ ಹಳದಿ ದಾರದಲ್ಲಿ
ಕೃಪಾನಂದನ ಲೇಔಟಿನ ಹೆಸರು ಹೊಲಿದೆ.
ಒತ್ತಕ್ಷರಗಳೇ ಜಾಸ್ತಿ, ರಾತ್ರಿ ಎರಡಾಯಿತು.

ಎನ್.ಆರ್. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು.
ಅದರಲ್ಲಿದ್ದವನು ಇಪ್ಪತ್ತೈದರ ಮುನೀರ್, ಹುಬ್ಬು ನುಣ್ಣಗೆ.
ಮೊದಲ ಫೈಟಿಗೆ ಅರಸೀಕೆರೆಯ ಒಬ್ಬ ಪರೋಟ ಮಾಸ್ಟರು.
ನಲವತ್ತು ಸೆಕೆಂಡಿಗೆ ಕೂತ. ಬಿದ್ದದ್ದಲ್ಲ, ಕೂತ,
ಬಸ್ಸಿನಲ್ಲಿ ಸೀಟು ಸಿಕ್ಕವನ ಹಾಗೆ.
ಎರಡನೆಯ ಹುಡುಗ ಸೋತು ಕೆಳಗಿಳಿದವನೇ ನನ್ನನ್ನು ಕೇಳಿದ,
"ಅಕ್ಕ, ಊಟ ಎಲ್ಲಿ ಕೊಡ್ತಾರೆ?"
ತಮ್ಮ ಎರಡೂ ಕೈ ಎತ್ತಿದ. ಆರ್ಕೆಸ್ಟ್ರಾ ಬಾರಿಸಿತು.
ಮನೆಗೆ ಬಂದು ತಟ್ಟೆಯ ಮುಂದೆ ಹೇಳಿದ,
"ನನ್ನ ಏಟು ಹೇಗಿದೆ ಅಂತ ನನಗಿನ್ನೂ ಗೊತ್ತಾಗಲಿಲ್ಲ."

ಮೂರನೆಯದಕ್ಕೆ ಫ್ಲೆಕ್ಸ್ ಬದಲಾಯಿತು.
ದೊಡ್ಡ ಮುಖ ಮಂಡ್ಯದ ಯಾರೋ ಇಪ್ಪತ್ತೆರಡರವನದು,
ನಮ್ಮದು ಕೆಳಗೆ, ಸೈಟ್ ಬುಕಿಂಗಿನ ನಂಬರಿನ ಪಕ್ಕ.
ಎದುರಾಳಿಯ ಚಿಂತೆ ಅವನ ಕೆಲಸ ಎಂದರೇನೆಂದು
ಆಗ ಹೊಳೆಯಿತು ನನಗೆ.
ಬೀಳುವವರ ಪಟ್ಟಿ ಅವನ ಜೇಬಿನಲ್ಲಿತ್ತು,
ಪರೋಟ ಮಾಸ್ಟರಿನ ಕೆಳಗೆ ನಮ್ಮ ಹೆಸರೂ,
ಮೊದಲ ದಿನದಿಂದಲೇ.
ಆ ಹುಡುಗನ ಎಡಗೈ ಹುಕ್ ಬಲಗಣ್ಣಿನ ಕಡೆಯಿಂದ ಬಂತು.
ಮುನೀರ್ ಅದನ್ನು ನೋಡಲೇ ಇಲ್ಲ.
ಹನ್ನೆರಡನೇ ಸಾಲಿನಲ್ಲಿದ್ದ ನಾನು ನೋಡಿದೆ.

ಹೆಸರು ಬಿಚ್ಚಿದೆ, ಒಂದೊಂದೇ ಹೊಲಿಗೆ.
ಕಾಟನ್ ಆದರೆ ಒಂದು ಒಗೆತಕ್ಕೆ ಮುಚ್ಚಿಕೊಳ್ಳುತ್ತದೆ,
ಸ್ಯಾಟಿನ್ ಸೂಜಿ ಹೋದ ಕಡೆಯೆಲ್ಲ ತೂತು ಉಳಿಸಿಕೊಳ್ಳುತ್ತದೆ.
ಬಲ್ಬಿಗೆ ಹಿಡಿದರೆ ಲೇಔಟಿನ ಹೆಸರು ಇನ್ನೂ ಓದಬಹುದು.

ಮೇ ತಿಂಗಳು. ರುದ್ರಯ್ಯನ ಶೆಡ್ಡಿನ ನೆಲದ ತುಂಬ
ಆಲೂಗಡ್ಡೆ ಹರಡಿತ್ತು, ಥಂಡಿ ಬಿಡುತ್ತ, ಬೆವರುತ್ತ.
"ವಿಷಯ ಗೊತ್ತಾಯ್ತು" ಅಂದ, ಅಷ್ಟೇ.
ಒಂದು ಗಡ್ಡೆ ಎತ್ತಿ ಮುಂದೆ ಹಿಡಿದ,
ಇನ್ನೊಂದು ಅಂಗೈಯಿಂದ ತಮ್ಮನ ಎಡಗಣ್ಣು ಮುಚ್ಚಿ,
"ಎಷ್ಟು ಕಣ್ಣಿದೆ, ಎಣಿಸು."
ಮುನೀರ್ ತುಂಬ ಹೊತ್ತು ನೋಡಿದ.
"ಐದು."
ಸೂಜಿ ಪೋಣಿಸುವ ನನ್ನ ಕಣ್ಣಿಗೆ ಏಳು ಕಾಣುತ್ತಿದ್ದವು.
ರುದ್ರಯ್ಯ ಗಡ್ಡೆಯನ್ನು ಮತ್ತೆ ನೆರಳಿಗಿಟ್ಟ.
"ಸೋಮವಾರ ಆಸ್ಪತ್ರೆ. ಟ್ಯಾಂಕರಿಗೆ ರಜ ಹಾಕು" ಅಂದ.
ನನ್ನ ಚೀಲದಲ್ಲಿ ಕೆಂಪು ಶಾರ್ಟ್ಸ್ ಇತ್ತು.
ತೆಗೆಯಲಿಲ್ಲ.